ಸಹಿಗಳಿದ್ದ ತೊಗಲನ್ನು ಬಿಚ್ಚಿದ್ದು

ಆ ಬ್ಯಾಂಜೊದ ತೊಗಲನ್ನು ಬಿಚ್ಚಿದ್ದು ನಾನೇ. ಆಗ ಕೇಳಿದವರಿಗೂ ಇದನ್ನೇ ಹೇಳಿದೆ, ಈಗಲೂ ಇದನ್ನೇ ಬರೆಯುತ್ತಿದ್ದೇನೆ. ಮುದುಕಿಗೆ ಇಂಗ್ಲಿಷ್ ಬಾರದು, ಹೇಳಿದ್ದು ತಿಳಿಯದೆ ಹೀಗಾಯಿತು ಎಂದು ಕ್ಲಬ್ಬಿನವರು ಹೇಳಿಕೊಂಡು ತಿರುಗಿದರು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ನಿಜ. ಮುಟ್ಟಬೇಡಿ ಅಂದದ್ದು ತಿಳಿಯದಷ್ಟು ದಡ್ಡಿಯಂತೂ ಅಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ವಾಷಿಂಗ್ಟನ್ನಿನ ಹತ್ತಿರದ ಹರ್ನ್‌ಡನ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೋಗುವ ದಾರಿಯಲ್ಲಿ ವಾರಕ್ಕೆ ಮೂರು ದಿನ ನನ್ನನ್ನು ವಾದ್ಯ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಇಳಿಸುತ್ತಿದ್ದಳು. ಕ್ಲಾರಿನೆಟ್ಟಿನ ತೂತು ಮುಚ್ಚುವ ಪುಟ್ಟ ಮೆತ್ತೆಗಳನ್ನು ಅಂಟಿಸುವುದು, ಹಳೇ ಡ್ರಮ್ಮುಗಳಿಗೆ ಹೊಸ ತೊಗಲು ಹಾಕುವುದು ನನ್ನ ಕೆಲಸ. ತವರಿನಲ್ಲೂ ಗಂಡನ ಮನೆಯಲ್ಲೂ ಮೃದಂಗ ಕಟ್ಟುವ ಕಸುಬು. ಆ ಕಸುಬಿನವರು ಯಾವ ಜನ ಎಂದು ಓದುವವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ವಿಚಾರಿಸಿಕೊಳ್ಳಲಿ.

ಅಂಗಡಿಯ ಯಜಮಾನ ಬಿಳಿಯ, ಟ್ರಂಬೋನ್ ಎಂಬ ಉದ್ದನೆಯ ಹಿತ್ತಾಳೆ ತುತ್ತೂರಿ ನುಡಿಸುವವನು. ಮಗಳು ನನ್ನನ್ನು ಅಮ್ಮಾ ಎಂದು ಕರೆದದ್ದು ಕೇಳಿ ಅದೇ ನನ್ನ ಹೆಸರು ಅಂದುಕೊಂಡಿದ್ದ. ನಾನೂ ತಿದ್ದಲಿಲ್ಲ.

ಅಂಗಡಿಗೆ ಬರುವ ಕೆಲಸದಲ್ಲಿ ಅರ್ಧ ಒಂದು ಜಾಜ್ ಕ್ಲಬ್ಬಿನದು. ಜಾಜ್ ಎಂದರೆ ಮೊದಮೊದಲಿನದು. ಕಾರ್ನೆಟ್, ಕ್ಲಾರಿನೆಟ್, ಟ್ರಂಬೋನ್ ಮೂರೂ ಏಕಕಾಲಕ್ಕೆ ಮಾತಾಡಿದ ಹಾಗೆ ಹೋಗುತ್ತವೆ, ಬ್ಯಾಂಜೊ ಹಿಂದಿನಿಂದ ತಾಳ ಹಿಡಿದಿರುತ್ತದೆ. ಅದನ್ನು ಹುಟ್ಟುಹಾಕಿದವರು ಆ ದೇಶದ ದಕ್ಷಿಣದ ಕಪ್ಪು ಜನ. ಈ ಕ್ಲಬ್ಬಿನಲ್ಲಿ ಇದ್ದವರು ಹೆಚ್ಚಿನಂಶ ನಿವೃತ್ತರಾದ ಬಿಳಿಯರು. ಅವರ ಶ್ರದ್ಧೆಯನ್ನು ಅಲ್ಲಗಳೆಯುವುದಿಲ್ಲ. ಭಾನುವಾರ ಮಧ್ಯಾಹ್ನ ಬಾಡಿಗೆಯ ಹಾಲ್‌ನಲ್ಲಿ ಸೇರಿ, ಮಂಡಿ ನೋಯುತ್ತಿದ್ದರೂ ಕುಣಿಯುತ್ತಿದ್ದರು. ಯಾವ ರೆಕಾರ್ಡಿನಲ್ಲಿ ಯಾರು ಏನು ನುಡಿಸಿದ್ದಾರೆ ಎಂಬುದೆಲ್ಲ ಬಾಯಿಪಾಠ. ಸತ್ತವರ ವಿಷಯದಲ್ಲಿ ಅವರಷ್ಟು ತಿಳಿದವರಿಲ್ಲ. ಬದುಕಿದ್ದ ಒಬ್ಬರು ಸಿಕ್ಕಾಗ ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ಆ ಒಬ್ಬರು ತೊಂಬತ್ತರ ಹತ್ತಿರದ ಮುದುಕರು. ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದವರು. ಹುಡುಗರಾಗಿದ್ದಾಗ ಡೇರೆ ಹಾಕಿಕೊಂಡು ಊರೂರು ತಿರುಗುವ ಕಂಪನಿಯಲ್ಲಿ ಬ್ಯಾಂಜೊ ಬಾರಿಸಿ, ಅಟ್ಲಾಂಟಾದಲ್ಲಿ ಕೆಲವು ಕಾಲವಿದ್ದು, ಕೊನೆಗೆ ವಾಷಿಂಗ್ಟನ್ನಿಗೆ ಬಂದು ನೆಲೆಸಿದವರು. ಆಮೇಲೆ ಟ್ಯಾಕ್ಸಿ ಓಡಿಸಿ ಜೀವನ ಸಾಗಿಸಿದ್ದರು. ಅವರು ಇನ್ನೂ ಇದ್ದಾರೆಂದು ಕ್ಲಬ್ಬಿನವರಿಗೆ ಗೊತ್ತಾಗಿ, ಅವರ ಗೌರವಾರ್ಥ ಒಂದು ಕಾರ್ಯಕ್ರಮ ಇಟ್ಟುಕೊಂಡರು. ರಿಪೇರಿ ಮಾಡಿಸುತ್ತೇವೆ ಎಂದು ಹೇಳಿ ಅವರ ಬ್ಯಾಂಜೊವನ್ನು ಇಸಿದುಕೊಂಡು ಬಂದರು.

ತಂದವನು ಕ್ಲಬ್ಬಿನ ಕಾರ್ಯದರ್ಶಿ, ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದವನು. ಮಗುವನ್ನು ಮಲಗಿಸುವ ಹಾಗೆ ಅದನ್ನು ಕೌಂಟರ್ ಮೇಲೆ ಇಟ್ಟ. ಬ್ಯಾಂಜೊ ಎಂದರೆ ಕಂಜಿರಕ್ಕೆ ಉದ್ದನೆಯ ಹಿಡಿ ಜೋಡಿಸಿ ತಂತಿ ಬಿಗಿದಂತೆ ಎಂದುಕೊಳ್ಳಿ. ಇದರ ತೊಗಲು ಹಳದಿಗಟ್ಟಿತ್ತು. ತಂತಿಗಳನ್ನು ಎತ್ತಿಹಿಡಿಯುವ ಕುದುರೆ ನಿಲ್ಲುವ ಜಾಗದ ಹತ್ತಿರ ನಾಲ್ಕು ಬೆರಳಗಲ ಹರಿದಿತ್ತು. ಉಳಿದ ಕಡೆಯೆಲ್ಲ ಶಾಯಿಯಲ್ಲಿ ಸಹಿಗಳು, ಆ ಕಾಲದ ಜೊತೆಗಾರರದ್ದು.

"ಲೋಹದ ಭಾಗ ಪಾಲಿಶ್ ಮಾಡಿ. ತೊಗಲನ್ನ ಮಾತ್ರ ಮುಟ್ಟಬೇಡಿ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸ್ಟೇಜ್ ಮೇಲೆ ಲೈಟ್ ಬಿಡ್ತೀವಿ," ಅಂದ. ಅವನು ಹೋದ ಮೇಲೆ ನಾನು ಯಜಮಾನನನ್ನು ಕೇಳಿದೆ.

"ಹಾಗಾದ್ರೆ ಅವರು ಯಾವುದರಲ್ಲಿ ಬಾರಿಸ್ತಾರೆ?"

"ಅವರು ಬಾರಿಸಲ್ಲ ಅಮ್ಮ. ಕೂತ್ಕೊಳ್ತಾರೆ."

ನನಗೆ ಅವತ್ತೇ ಮೈ ಉರಿಯಿತು. ಆದರೂ ಹೇಳಿದಷ್ಟು ಮಾಡಿದೆ. ತೊಗಲನ್ನು ಬಿಗಿದು ಹಿಡಿಯುವ ಕೊಕ್ಕೆಗಳನ್ನು ಒಂದೊಂದಾಗಿ ಉಜ್ಜಿದೆ, ತುಕ್ಕು ತೆಗೆದೆ. ವಸ್ತು ಫಳಫಳ ಹೊಳೆಯಿತು. ತಂತಿ ಬಿಗಿದರೆ ಕುದುರೆ ಹರಿದ ಜಾಗದಲ್ಲಿ ಕುಸಿಯುತ್ತಿತ್ತು.

ಮರುವಾರ ಮುದುಕರೇ ಬಂದರು. ಮೊಮ್ಮಗಳು ಕಾರಿನಲ್ಲಿ ಕರೆತಂದಿದ್ದಳು. ಆಗಸ್ಟಿನ ಸೆಕೆಯಲ್ಲಿ ಕೋಟು, ಹ್ಯಾಟು. ಬ್ಯಾಂಜೊವನ್ನು ನೋಡಿ ಬೆರಳಿನಿಂದ ತೊಗಲಿಗೆ ಒಮ್ಮೆ ತಟ್ಟಿದರು.

"ಹರಿದದ್ದು ಹಾಗೇ ಇದೆಯಲ್ಲ."

ಯಜಮಾನ ನೆಲ ನೋಡುತ್ತ ಗಾಜಿನ ಪೆಟ್ಟಿಗೆಯ ವಿಷಯ ಹೇಳಿದ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಅಂದ್ರೆ ನಾನು ಪೆಟ್ಟಿಗೆ ಪಕ್ಕ ಕೂತಿರಬೇಕು."

"ಗೌರವ ಸರ್, ಗೌರವಕ್ಕೆ."

"ನನಗೂ ಗಾಜು ಹಾಕ್ತಾರಂತಾ?"

ಮುದುಕರು ಎಡಗೈ ಚಾಚಿದರು. ಬೆರಳುಗಳು ಗಂಟುಗಂಟಾಗಿದ್ದವು, ತುದಿಯಲ್ಲಿ ತಂತಿ ಒತ್ತಿದ ಹೊಸ ಜಡ್ಡು. ಈ ಬೇಸಿಗೆ ಪೂರ್ತಿ ನೆರೆಯವನ ಬ್ಯಾಂಜೊ ಇಸಿದುಕೊಂಡು ದಿನಾ ಬೆಳಿಗ್ಗೆ ಕೂತಿದ್ದರಂತೆ. "ಮುಂದಿನ ವರ್ಷಕ್ಕೆ ಈ ಬೆರಳು ಬರಲ್ಲ. ಈ ಸಲ ಬರುತ್ತೆ," ಅಂದರು.

ಆಮೇಲೆ ನನ್ನ ಕಡೆ ತಿರುಗಿ ಸಹಿಗಳನ್ನು ತೋರಿಸಿದರು. ಇದು ಕೆರೊಲಿನಾದಲ್ಲಿ ಬರೆದದ್ದು, ಇದು ಅಟ್ಲಾಂಟಾದಲ್ಲಿ. ಅಂಚಿನಲ್ಲಿ ಕಿರಿದಾಗಿ ಸಿಕ್ಕಿಕೊಂಡಿದ್ದ ಒಂದರ ಮೇಲೆ ಬೆರಳಿಟ್ಟರು.

"ಇವನು ಡ್ರಮ್ಮಿನವನು. ಸದಾ ತಾಳಕ್ಕಿಂತ ಹಿಂದೆ. ನೋಡಿ, ಸಹಿ ಹಾಕೋದಕ್ಕೂ ಎಲ್ಲರಾದ ಮೇಲೆ ಬಂದಿದ್ದಾನೆ." ನಕ್ಕು, ಕೇಳಿದರು: "ಮ್ಯಾಮ್, ತೊಗಲಿನ ಕೆಲಸ ನೀವೇನಾ ಮಾಡೋದು?"

"ಹೌದು."

"ಇದಕ್ಕೆ ಹೊಸದು ಹಾಕಕ್ಕಾಗುತ್ತಾ?"

"ಆಗುತ್ತೆ."

"ಹಾಕಿ ಹಾಗಾದ್ರೆ."

ಅವರು ಹೋದ ಮೇಲೆ ಯಜಮಾನ ಒದ್ದಾಡಿದ. "ಕ್ಲಬ್ಬಿನವರು ಬರದೇ ಹೋದ್ರೆ ನನ್ನ ಅಂಗಡಿ ಏನಾಗುತ್ತೆ ಅಮ್ಮ?"

"ಬ್ಯಾಂಜೊ ಯಾರದ್ದು?"

"ಅವರದ್ದೇ. ಆದ್ರೆ ತಂದುಕೊಟ್ಟಿದ್ದು ಕ್ಲಬ್ಬು."

"ತಂದುಕೊಟ್ಟವರು ಯಾರು ಅಂತ ನಾನು ಕೇಳಲಿಲ್ಲ."

ಅವನು ಬ್ಯಾಂಜೊವನ್ನು ನನ್ನ ಕಡೆ ಸರಿಸಿ, "ನನ್ನ ಬೆಂಚಿನ ಮೇಲೆ ಬೇಡ. ನಾನು ಏನನ್ನೂ ನೋಡಿಲ್ಲ," ಅಂದ. ಇಂಥ ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ. ಬ್ಯಾಂಜೊವನ್ನೂ ಅಂಗಡಿಯಲ್ಲಿ ಆ ಅಳತೆಗೆ ಇದ್ದ ಒಂದೇ ಒಂದು ಕರುವಿನ ತೊಗಲನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ.

ಹಳೇ ತೊಗಲು ಬಿಚ್ಚುವಾಗ ಅವಸರ ಮಾಡಬಾರದು. ಸುತ್ತಲಿನ ಕೊಕ್ಕೆಗಳನ್ನೆಲ್ಲ ಸರದಿಯಾಗಿ ಚೂರುಚೂರೇ ಸಡಿಲಿಸಬೇಕು. ಒಂದು ಕಡೆಯನ್ನು ಪೂರ್ತಿ ಬಿಟ್ಟರೆ ಎದುರಿನ ಕಡೆ ಎಳೆದು ಸೀಳುತ್ತದೆ. ತೊಗಲಿನ ಅಂಚು ಒಳಗೊಂದು ಲೋಹದ ಬಳೆಗೆ ಮಡಚಿಕೊಂಡಿರುತ್ತದೆ. ಆ ಬಳೆಯ ಸಮೇತ ಎತ್ತಿದೆ, ಡಬ್ಬಿಯ ಮುಚ್ಚಳದ ಹಾಗೆ ಬಂತು. ಒಂದು ಸಹಿಯೂ ಕೆಡಲಿಲ್ಲ. ಹಳೇ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಪೆಟ್ಟಿಗೆಯವರಿಗೆ ಬೇಕಾದದ್ದು ಅಷ್ಟೇ ತಾನೆ, ಅದು ಅವರಿಗಿರಲಿ ಅನ್ನುವುದು ನನ್ನ ಲೆಕ್ಕ.

ಆದರೆ ಹೊಸ ತೊಗಲಿಗೆ ಇನ್ನೊಂದು ಬಳೆ ಬೇಕು. ಮಾರನೆಯ ದಿನ ಕೆಲಸಕ್ಕೆ ಹೋದಾಗ ನನ್ನ ಜಾಗದಲ್ಲಿ ಅದೇ ಅಳತೆಯ ಹಿತ್ತಾಳೆ ಬಳೆಯೊಂದು ಇತ್ತು, ಬೆಸುಗೆ ಇನ್ನೂ ಕಪ್ಪಾಗಿತ್ತು. ಯಜಮಾನ ನನಗೆ ಬೆನ್ನು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

ಕರುವಿನ ತೊಗಲನ್ನು ತಣ್ಣೀರಿನಲ್ಲಿ ನೆನೆಹಾಕಿದೆ. ಬಿಸಿನೀರು ತಾಗಿದರೆ ಬೆಂದುಹೋಗುತ್ತದೆ. ಬಟ್ಟೆಯ ಹಾಗೆ ಮೆತ್ತಗಾದ ಮೇಲೆ ಬ್ಯಾಂಜೊದ ಮೇಲೆ ಹರಡಿ, ಬಳೆ ಕೂರಿಸಿ, ಅಂಚನ್ನು ಅದರ ಮೇಲಿಂದ ಒಳಕ್ಕೆ ಮಡಚಿ, ಇಕ್ಕಳದಲ್ಲಿ ಸುಕ್ಕು ಬಿಡಿಸುತ್ತ ಸುತ್ತ ಬಂದೆ. ಮೃದಂಗದ ಬಾಯಿಗೆ ಹಾಕುವ ಮುಚ್ಚಿಗೆಯಾದರೆ ಕಾಲು ಕೊಟ್ಟು ಎಳೆಯುತ್ತೇವೆ. ಇದು ಹಪ್ಪಳದಷ್ಟು ತೆಳು. ಹಸಿಯಿದ್ದಾಗ ಬಿಗಿದರೆ ಒಣಗುತ್ತ ತನ್ನನ್ನು ತಾನೇ ಸೀಳಿಕೊಳ್ಳುತ್ತದೆ. ಕೊಕ್ಕೆಗಳನ್ನು ಬರೀ ತಾಗಿಸಿ ಬಿಟ್ಟು, ಬಿಸಿಲಾಗಲಿ ಗಾಳಿಯಾಗಲಿ ನೇರ ಬೀಳದ ಹಾಗೆ ಕೆಳಗಿನ ಬಾತ್‌ರೂಮಿನಲ್ಲಿಟ್ಟು ಕೆಲಸಕ್ಕೆ ಹೋದೆ.

ಅವತ್ತು ಶುಕ್ರವಾರ, ವರಮಹಾಲಕ್ಷ್ಮಿ. ಸಂಜೆ ಮಗಳ ಸ್ನೇಹಿತೆಯರು ಅರಿಶಿನ ಕುಂಕುಮಕ್ಕೆ ಬಂದರು. ಅವರಲ್ಲಿ ಒಬ್ಬಾಕೆ ಆ ಬೇಸಿಗೆಯಲ್ಲಿ ತನ್ನ ಮಗಳ ಭರತನಾಟ್ಯದ ಅರಂಗೇಟ್ರಂ ಮಾಡಿಸಿದ್ದಳು. ಅವಳು ನನ್ನ ಪಕ್ಕ ಕೂತು ಮಾತು ತೆಗೆದಳು.

"ಆಂಟಿ, ನೀವು ವರ್ಕ್ ಮಾಡ್ತೀರಂತೆ. ಈ ವಯಸ್ಸಲ್ಲಿ, ಗ್ರೇಟ್. ಏನು ಕೆಲ್ಸ?"

ನನ್ನ ಮಗಳು ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ಮ್ಯೂಸಿಕ್ ಸ್ಟೋರಲ್ಲಿ ಸುಮ್ನೆ ಹೆಲ್ಪ್ ಮಾಡ್ತಾರೆ."

"ಡ್ರಮ್ಮಿಗೆ ತೊಗಲು ಹಾಕ್ತೀನಿ," ಅಂದೆ.

ಆಕೆ ಕುಂಕುಮದ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡಳು. "ಯಾವ್ದರ ತೊಗಲು ಆಂಟಿ?"

"ಹೆಚ್ಚಾಗಿ ಕರುವಿಂದು. ನಿಮ್ಮ ಮಗಳು ಕುಣಿಯೋವಾಗ ಬಾರಿಸಿದ್ರಲ್ಲ ಮೃದಂಗ, ಅದರಲ್ಲೂ ದನದ್ದಿರುತ್ತೆ. ನೀವು ಅವತ್ತು ಅದಕ್ಕೆ ಹೂವೇರಿಸಿ ಕೈ ಮುಗಿದ್ರಿ. ನಾನು ನೋಡ್ದೆ."

ಎಲ್ಲರೂ ಬೇಗ ಬೇಗ ತಾಂಬೂಲ ತೆಗೆದುಕೊಂಡು ಎದ್ದರು. ಅವರು ಹೋದ ಮೇಲೆ ಬಾತ್‌ರೂಮಿನ ಬಾಗಿಲು ತೆರೆದರೆ ಬ್ಯಾಂಜೊ ಇರಲಿಲ್ಲ.

"ಎಲ್ಲಿಟ್ಟೆ?"

"ಗ್ಯಾರೇಜಲ್ಲಿದೆ ಅಮ್ಮಾ. ಗೆಸ್ಟ್ಸ್ ಆ ಬಾತ್‌ರೂಮ್ ಯೂಸ್ ಮಾಡ್ತಾರಲ್ಲ. ವಾಸ್ನೆ ಬರ್ತಿತ್ತು."

"ಬರ್ತಿರಲಿಲ್ಲ. ನಿನಗೆ ಅವರ ಹೆದರಿಕೆ ಬಂದಿತ್ತು."

ಆಗಸ್ಟಿನ ಗ್ಯಾರೇಜು, ಬಾಗಿಲು ಮುಚ್ಚಿದರೆ ಒಲೆಯ ಮೇಲಿನ ಹಂಡೆ. ತೊಗಲು ಬಿರುಸಾಗಿ ಒಣಗಿ ಅಂಚಿನಿಂದ ನಡುವಿನ ತನಕ ಸೀಳಿತ್ತು. ಮಗಳು ಬಾಗಿಲಲ್ಲೇ ನಿಂತಿದ್ದಳು. ನಾನು ಬೈದೆ. ಏನು ಬೈದೆ ಎಂದು ಬರೆಯುವುದಿಲ್ಲ. ಒಂದಂತೂ ಕೇಳಿದೆ: "ನಿನ್ನ ನರ್ಸಿಂಗ್ ಓದು ಯಾವ ತೊಗಲಿಂದ ಬಂತು ಅಂತ ಮರೆತೆಯಾ?" ಅವಳು ಕ್ಷಮೆ ಕೇಳಲಿಲ್ಲ.

ಹೊಸ ತೊಗಲನ್ನು ಅಂಚೆಯಲ್ಲಿ ತರಿಸಬೇಕು. ವಿಚಾರಿಸಿದರೆ, ಆ ಅಳತೆಯದು ಅವರಲ್ಲೂ ಮುಗಿದಿತ್ತು, ಮತ್ತೆ ಬರುವ ಹೊತ್ತಿಗೆ ಕಾರ್ಯಕ್ರಮವೇ ಮುಗಿದಿರುತ್ತಿತ್ತು. ಅಲ್ಲಿಗೆ ಮುದುಕರು ಪೆಟ್ಟಿಗೆ ಪಕ್ಕ ಕೂರುವುದೇ ಗಟ್ಟಿ. ಆ ಯೋಚನೆಗೇ ನನಗೆ ನಿದ್ದೆ ಬರಲಿಲ್ಲ, ಸಿಟ್ಟಿಗೆ. ಬೆಳಿಗ್ಗೆ ಮಗಳಿಗೆ ಹೇಳಿದೆ, "ಭಾಯ್ ಅಂಗಡಿಗೆ ಕರ್ಕೊಂಡು ಹೋಗು." ಅವಳು ಕಾರಿನ ಬೀಗದಕೈ ತೆಗೆದುಕೊಂಡಳು.

ಭಾಯ್ ಎಂದರೆ ಮೈಸೂರಿನ ಕಡೆಯವರು, ಹಲಾಲ್ ಮಾಂಸದ ಅಂಗಡಿ ಇಟ್ಟಿದ್ದರು. ಹಳ್ಳಿಯ ಕಡೆಯ ಫಾರಂ ಒಂದರಲ್ಲಿ ತಾವೇ ನಿಂತು ಕಡಿಸಿ ತರುತ್ತಿದ್ದರು.

"ಬರೀ ಮೇಕೆ ತೊಗಲು ಸಾಕಾ ಅಮ್ಮ, ಮಾಂಸ ಬೇಡ್ವಾ? ಈ ದೇಶದಲ್ಲಿ ಹಿಂಗೆ ಕೇಳಿದೋರು ನೀವೇ ಮೊದ್ಲು."

"ಎಳೇದಾಗಿರಬೇಕು. ಬೆನ್ನ ಮೇಲೆ ಗೀರು, ಹುಣ್ಣಿನ ಕಲೆ ಇರಬಾರದು."

"ಹೆಣ್ಣು ನೋಡಕ್ಕೆ ಬಂದಂಗೆ ಹೇಳ್ತೀರಲ್ಲ. ಆಯ್ತು, ತರ್ತೀನಿ ಬಿಡಿ."

ಹೇಳಿದ ಹಾಗೆಯೇ ತಂದುಕೊಟ್ಟರು. ಮನೆಯ ಹಿಂದಿನ ಕಟ್ಟೆಯ ಮೇಲೆ ಬಕೆಟ್ಟಿನಲ್ಲಿ ಸುಣ್ಣದ ನೀರು ಕಲಸಿ ತೊಗಲನ್ನು ಅದರಲ್ಲಿ ಮುಳುಗಿಸಿದೆ. ಸುಣ್ಣ ಹೆಚ್ಚಾದರೆ ತೊಗಲು ಕೊಳೆತ ಬಟ್ಟೆಯಾಗುತ್ತದೆ, ಕಡಿಮೆಯಾದರೆ ಕೂದಲು ಬಿಡುವುದಿಲ್ಲ. ದಿನಾ ತಿರುವಿ ಹಾಕುತ್ತ, ಉಗುರಿನಲ್ಲಿ ಕೂದಲು ಎಳೆದು ನೋಡುತ್ತಿದ್ದೆ. ಸಲೀಸಾಗಿ ಕೈಗೆ ಬಂದ ದಿನ ಹೊರತೆಗೆದು, ಹಲವು ನೀರಿನಲ್ಲಿ ತೊಳೆದು, ಮೊಂಡು ಚೂರಿಯಲ್ಲಿ ಹೆರೆದೆ. ಸುಣ್ಣಕ್ಕೆ ನನ್ನ ಕೈಗಳು ಬಿರಿದವು. ಮರದ ಚೌಕಟ್ಟಿಗೆ ದಾರದಲ್ಲಿ ಎಳೆದು ಕಟ್ಟಿ ಒಳಮೈಯನ್ನು ಮತ್ತೆ ಹೆರೆಯುವಾಗ, ಡ್ಯೂಟಿ ಮುಗಿಸಿ ಬಂದ ಮಗಳು ಅದೇ ಬಟ್ಟೆಯಲ್ಲೇ ಚೌಕಟ್ಟಿನ ಆಚೆ ಬದಿ ಹಿಡಿದು ನಿಂತಳು. ಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ ಬಿಡು ಅಂದಳು. ನಾನು ಹೆರೆಯುತ್ತಲೇ ಇದ್ದೆ.

ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವಾಯಿತು. ಕರುವಿನದರ ಹಾಗೆ ಹಾಲು ಬಿಳುಪಲ್ಲ. ಮೇಕೆಗೆ ಮಚ್ಚೆಯಿದ್ದ ಕಡೆ ಕಂದು ಬಣ್ಣ ಉಳಿದಿತ್ತು. ಮೊದಲಿನಂತೆಯೇ ಹಾಕಿ, ಈ ಸಲ ನನ್ನ ಮಂಚದ ಕೆಳಗೇ ಇಟ್ಟುಕೊಂಡೆ. ಪೂರ್ತಿ ಒಣಗಿದ ಮೇಲೆ ಹೆಚ್ಚಿನ ಅಂಚು ಕತ್ತರಿಸಿ, ಎದುರುಬದುರು ಕೊಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದೆ. ತಟ್ಟಿದರೆ ಸುತ್ತಲೂ ಒಂದೇ ನಾದ ಬರಬೇಕು. ಬರುವ ತನಕ ಬಿಡಲಿಲ್ಲ.

ಕಾರ್ಯಕ್ರಮಕ್ಕೆ ಮುಂಚಿನ ವಾರ ಕಾರ್ಯದರ್ಶಿ ಬ್ಯಾಂಜೊ ಒಯ್ಯಲು ಅಂಗಡಿಗೆ ಬಂದ. ಕಂದು ಮಚ್ಚೆಯ ತೊಗಲು ನೋಡಿದವನೇ ಕೆಂಪಗಾದ.

"ಏನು ಮಾಡಿದೀರಿ ಇದನ್ನ?"

ನಾನು ಸೀರೆಯ ಗಂಟು ಬಿಚ್ಚಿ ಹಳೇ ತೊಗಲನ್ನು ಅವನ ಮುಂದಿಟ್ಟೆ. "ಎಲ್ಲ ಸಹಿಗಳೂ ಇವೆ. ಎಣಿಸಿಕೊಳ್ಳಿ."

"ಇದು ಚರಿತ್ರೆ. ನೀವು ಚರಿತ್ರೆಯನ್ನ ಹಾಳು ಮಾಡಿದೀರಿ."

"ಚರಿತ್ರೆ ವಾಷಿಂಗ್ಟನ್ನಿಂದ ಕಾರಲ್ಲಿ ಬಂದು, ಹೊಸ ತೊಗಲು ಹಾಕಿ ಅಂತ ಹೇಳಿಹೋಯಿತು."

ನನ್ನ ಇಂಗ್ಲಿಷ್ ಅವನಿಗೆ ಎಷ್ಟು ತಿಳಿಯಿತೋ. ಯಜಮಾನನ ಕಡೆ ತಿರುಗಿ ಜೋರಾಗಿ ಏನೇನೋ ಅಂದ. ಹಳೇ ತೊಗಲನ್ನು ಮಾತ್ರ ಎತ್ತಿಕೊಂಡು, ಬ್ಯಾಂಜೊವನ್ನು ಕೌಂಟರ್ ಮೇಲೆ ಅನಾಥವಾಗಿ ಬಿಟ್ಟು, ವೇದಿಕೆಯ ಮೇಲೆ ಇದಕ್ಕೆ ಜಾಗವಿಲ್ಲ ಎಂದು ಹೇಳಿ ಹೋದ. ಅವತ್ತು ಸಂಜೆ ಯಜಮಾನ ನನಗೆ, ಮುಂದಿನ ತಿಂಗಳಿಂದ ವಾರಕ್ಕೆ ಒಂದೇ ದಿನ ಬಂದರೆ ಸಾಕು ಅಂದ. ಆಗಲಿ ಅಂದೆ. ಬ್ಯಾಂಜೊವನ್ನು ಮಗಳ ಕಾರಿನಲ್ಲಿ ಮುದುಕರ ಮನೆಗೆ ಮುಟ್ಟಿಸಿ ಬಂದೆವು.

ಕಾರ್ಯಕ್ರಮಕ್ಕೆ ನಾನೂ ಮಗಳೂ ಹೋದೆವು, ಕೊನೆಯ ಸಾಲಿನಲ್ಲಿ ಕೂತೆವು. ವೇದಿಕೆಯ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಸಹಿಗಳ ತೊಗಲು, ಅದರ ಮೇಲೆ ಬೆಳಕು. ಒಂದು ಪಕ್ಕ ಕ್ಲಬ್ಬಿನ ಬ್ಯಾಂಡಿನವರು ಪಟ್ಟೆಪಟ್ಟೆ ಅಂಗಿ ತೊಟ್ಟು ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಇನ್ನೊಂದು ಪಕ್ಕ ಮುದುಕರು. ಬ್ಯಾಂಜೊದ ಪೆಟ್ಟಿಗೆಯನ್ನು ಮೊಮ್ಮಗಳು ಕುರ್ಚಿಯ ಕೆಳಗೆ ತಳ್ಳಿ ಇಳಿದು ಬಂದಿದ್ದಳು. ಕಾರ್ಯದರ್ಶಿ ಮೈಕಿನ ಮುಂದೆ ನಿಂತು ಕಾಗದ ನೋಡಿ ಓದತೊಡಗಿದ. ಇವರು ಇಂಥ ಕಡೆ ಬಾರಿಸುತ್ತಿದ್ದರು, ಇವರ ಕೈ ಹೀಗೆ ಓಡುತ್ತಿತ್ತು, ಆ ಕಾಲ ಹಾಗಿತ್ತು. ಎಲ್ಲವೂ ಆಗಿಹೋದದ್ದು. ಎದುರಿಗೆ ಕೂತ ಮನುಷ್ಯನ ತಿಥಿ ಮಾಡಿದ ಹಾಗೆ ಇತ್ತು. ನಾನು ಎದ್ದು ಹೋಗೋಣ ಎಂದು ಮಗಳ ಕೈ ಹಿಡಿದೆ.

ಅಷ್ಟರಲ್ಲಿ ಮುದುಕರು ಬಗ್ಗಿ ಕುರ್ಚಿಯ ಕೆಳಗಿನ ಪೆಟ್ಟಿಗೆ ಎಳೆದರು. ಅವಸರವಿಲ್ಲದೆ ಬ್ಯಾಂಜೊ ತೆಗೆದು ತೊಡೆಯ ಮೇಲಿಟ್ಟು, ತಂತಿ ಮೀಟಿ, ಬಿರಡೆಗಳ ಕಿವಿ ಹಿಂಡಿ ಶ್ರುತಿ ಮಾಡಿಕೊಂಡರು. ಕಾರ್ಯದರ್ಶಿ ಓದುತ್ತಲೇ ಇದ್ದ, ದನಿಯನ್ನು ಸ್ವಲ್ಪ ಏರಿಸಿ. ಅವರು ಕಾಲಿನಲ್ಲಿ ತಾಳ ಹಾಕಿ ಶುರುಮಾಡಿಯೇಬಿಟ್ಟರು.

ಈ ಸಂಗೀತದವರಲ್ಲಿ ಒಂದು ಕ್ರಮವಿದೆ. ಹಿರಿಯರೊಬ್ಬರು ಹಾಡು ಎತ್ತಿದರೆ, ಅದು ಗೊತ್ತಿದ್ದವರು ಸುಮ್ಮನೆ ಕೂರುವಂತಿಲ್ಲ. ಮೊದಲು ಕ್ಲಾರಿನೆಟ್ಟಿನ ಹೆಂಗಸು ಕಾರ್ಯದರ್ಶಿಯ ಮುಖ ನೋಡಿದಳು, ಆಮೇಲೆ ವಾದ್ಯವನ್ನು ತುಟಿಗೆ ಇಟ್ಟಳು. ಕಾರ್ನೆಟ್ ಸೇರಿತು. ಟ್ರಂಬೋನ್ ಸೇರಿದಾಗ ನೋಡಿದರೆ ನಮ್ಮ ಯಜಮಾನ, ಕಣ್ಣು ಮುಚ್ಚಿಕೊಂಡಿದ್ದ. ಮುಂದಿನ ಸಾಲಿನಲ್ಲಿ ಒಂದು ಜೋಡಿ ಎದ್ದು ಕುಣಿಯತೊಡಗಿತು.

ಹಾಡು ಹೇಗನ್ನಿಸಿತು ಎಂದು ಮಗಳು ಆಮೇಲೆ ಕೇಳಿದಳು. ನನಗೆ ಗೊತ್ತಿಲ್ಲ. ನಾನು ಕುದುರೆ ನಿಂತ ಜಾಗವನ್ನೇ ನೋಡುತ್ತಿದ್ದೆ. ಒಂದು ಕೂದಲೆಳೆಯಷ್ಟೂ ಕುಸಿಯಲಿಲ್ಲ. ಕಾರ್ಯದರ್ಶಿ ಕಾಗದ ಹಿಡಿದುಕೊಂಡು, ಒಂದು ಪುಟ ಇನ್ನೂ ಬಾಕಿಯಿದ್ದವನ ಹಾಗೆ ನಿಂತೇ ಇದ್ದ. ಮುದುಕರು ಒಂದು ಹಾಡು ಮುಗಿಸಿ, ಅವನ ಕಡೆ ನೋಡದೆ, ಇನ್ನೊಂದು ಎತ್ತಿಕೊಂಡರು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.